ಖುಲಾಸೆಯಾದ ಮೇಲೆ ಏನು? ತಪ್ಪು ಶಿಕ್ಷೆಗೆ ಪರಿಹಾರ ಕೇಳುವವರ ಮುಂದಿರುವ ದಾರಿಗಳು

ಸಾಕಷ್ಟು ಕಾರಣವಿಲ್ಲದೆ ಒಬ್ಬನನ್ನು ಪೊಲೀಸರ ಕೈಗೆ ಹಿಡಿಸಿಕೊಟ್ಟವನಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಗರಿಷ್ಠ ಪರಿಹಾರ ಒಂದು ಸಾವಿರ ರೂಪಾಯಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 399ನೇ ಸೆಕ್ಷನ್ ಹೇಳುವುದು ಇದನ್ನೇ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 358ನೇ ಸೆಕ್ಷನ್ನಿನಲ್ಲಿದ್ದ ಮೊತ್ತವನ್ನು ಹೊಸ ಕಾನೂನು ಮುಟ್ಟದೆ ಹಾಗೆಯೇ ಎತ್ತಿಕೊಂಡಿದೆ. ಇದು ಬರೀ ಬಂಧನದ ಮಾತು. ಸೆಷನ್ಸ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ, ಎಂಟು ಹತ್ತು ವರ್ಷ ಜೈಲಿನಲ್ಲಿದ್ದು, ಕೊನೆಗೆ ಹೈಕೋರ್ಟಿನಲ್ಲೋ ಸುಪ್ರೀಂ ಕೋರ್ಟಿನಲ್ಲೋ ಖುಲಾಸೆಯಾದವರಿಗೆ ಸರ್ಕಾರ ಇಷ್ಟು ಕೊಡಬೇಕು ಎನ್ನುವ ಒಂದು ಸಾಲೂ ನಮ್ಮ ಕಾನೂನಿನಲ್ಲಿ ಇಲ್ಲ.

ಹಾಗೆಂದು ಯಾರಿಗೂ ಏನೂ ಸಿಕ್ಕಿಲ್ಲ ಎಂದಲ್ಲ. ಕೆಲವರಿಗೆ ಲಕ್ಷಗಳು ಸಿಕ್ಕಿವೆ, ಒಬ್ಬಿಬ್ಬರಿಗೆ ಕೋಟಿಯೂ ದಾಟಿದೆ. ಆದರೆ ಸಿಕ್ಕಿದ್ದು ಬಹುಪಾಲು ನ್ಯಾಯಾಲಯಗಳು ಸಂವಿಧಾನದ ಬಲದಿಂದ ಪ್ರಕರಣಕ್ಕೆ ತಕ್ಕಂತೆ ಕೊಟ್ಟದ್ದು. ಹಕ್ಕೆಂದು ಕೇಳಿ ಪಡೆದದ್ದಲ್ಲ. ಈ ವ್ಯತ್ಯಾಸ ತಿಳಿಯದೆ ಅರ್ಜಿ ಹಾಕಿದವರು ‘ಖುಲಾಸೆಯಾಯಿತಲ್ಲ, ಇನ್ನೇನು ಬೇಕು?’ ಎಂಬ ಧಾಟಿಯ ಆದೇಶ ಹಿಡಿದು ವಾಪಸು ಬಂದಿದ್ದಾರೆ. ಪರಿಹಾರದ ಹೋರಾಟ ಶುರುವಾಗುವುದು ಜೈಲಿನಿಂದ ಹೊರಬಂದ ಮೇಲಲ್ಲ. ಅದು ಮೇಲ್ಮನವಿಯ ಹಂತದಲ್ಲೇ, ಖುಲಾಸೆ ತೀರ್ಪಿನಲ್ಲಿ ಏನೇನು ಬರೆಯಿಸಿಕೊಳ್ಳುತ್ತೀರಿ ಎನ್ನುವಲ್ಲಿಂದಲೇ ಶುರುವಾಗುತ್ತದೆ.

ಖುಲಾಸೆಯಲ್ಲಿ ಎರಡು ಬಗೆ

ಸಿಆರ್‌ಪಿಸಿಯಲ್ಲಾಗಲಿ ಬಿಎನ್‌ಎಸ್‌ಎಸ್‌ನಲ್ಲಾಗಲಿ ‘ಗೌರವಯುತ ಖುಲಾಸೆ’ ಎಂಬ ಪದವೇ ಇಲ್ಲ. ಇದು ನ್ಯಾಯಾಲಯಗಳು ತಾವೇ ಹುಟ್ಟುಹಾಕಿದ ಮಾತು ಎಂದು ಸುಪ್ರೀಂ ಕೋರ್ಟ್ ಸಮುದಿರಂ ಪ್ರಕರಣದಲ್ಲಿ ಹೇಳಿದೆ. ಆದರೂ ಪೊಲೀಸ್ ನೇಮಕಾತಿಯಿಂದ ಹಿಡಿದು ನಷ್ಟ ಪರಿಹಾರದವರೆಗೆ ಎಲ್ಲ ಕಡೆ ಕೇಳುವುದು ಅದನ್ನೇ: ಪ್ರಾಸಿಕ್ಯೂಷನ್ ಸಾಕ್ಷ್ಯವನ್ನು ಪೂರ್ತಿ ಪರಿಶೀಲಿಸಿ ಆರೋಪವೇ ಸುಳ್ಳೆಂದು ಬಿಟ್ಟಿದ್ದಾರೆಯೋ, ಸಂಶಯದ ಲಾಭ ಕೊಟ್ಟು ಬಿಟ್ಟಿದ್ದಾರೆಯೋ?

ಸಂಶಯದ ಲಾಭದ ಮೇಲೆ ಹೊರಬಂದವರು ಪರಿಹಾರ ಕೇಳಿದಾಗ ಸರ್ಕಾರಿ ವಕೀಲರ ಮೊದಲ ವಾದ ಸಿದ್ಧವಾಗಿರುತ್ತದೆ: ಇವರು ನಿರಪರಾಧಿ ಎಂದು ಯಾರೂ ಹೇಳಿಲ್ಲ, ಅಪರಾಧ ಸಾಬೀತಾಗಿಲ್ಲ ಎಂದಷ್ಟೇ ಹೇಳಿದ್ದಾರೆ. ಸಾಕ್ಷಿಗಳು ತಿರುಗಿಬಿದ್ದ ಕಾರಣಕ್ಕೆ ಪ್ರಕರಣ ಬಿದ್ದಿದ್ದರಂತೂ ಈ ವಾದಕ್ಕೆ ಉತ್ತರ ಹೇಳುವುದು ಕಷ್ಟ. ನಿರಪರಾಧಿ ಎಂಬ ಪೂರ್ವಭಾವನೆಯಿಂದ ಹೊರಡುವ ಕಾನೂನು, ಪರಿಹಾರದ ಮಾತು ಬಂದಾಗ ‘ನಿರಪರಾಧಿ ಎಂದು ನೀನೇ ತೋರಿಸು’ ಎನ್ನುವುದು ವಿಚಿತ್ರವೇ ಸರಿ. ಆದರೆ ಇಂದಿನ ಸ್ಥಿತಿ ಇದು, ಇದಕ್ಕೆ ತಕ್ಕಂತೆಯೇ ನಡೆಯಬೇಕು.

ಆದ್ದರಿಂದ ಮೇಲ್ಮನವಿಯ ವಕೀಲರು ‘ಸಾಕ್ಷ್ಯ ಸಾಲದು’ ಎಂಬಲ್ಲಿಗೆ ನಿಲ್ಲಬಾರದು. ಮಹಜರು ಸ್ಥಳದಲ್ಲಿ ಬರೆದದ್ದೋ ಠಾಣೆಯಲ್ಲಿ ಕೂತು ಬರೆದದ್ದೋ? ಪಂಚರು (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಅದೇ ಠಾಣೆಯ ಬೇರೆ ಪ್ರಕರಣಗಳಲ್ಲೂ ಪಂಚರಾಗಿದ್ದಾರೆಯೇ? ಆರೋಪಿಗೆ ಅನುಕೂಲವಾದ ಪ್ರಯೋಗಾಲಯದ ವರದಿಯನ್ನು ಚಾರ್ಜ್‌ಶೀಟಿಗೆ ಸೇರಿಸದೆ ಬಿಟ್ಟರೇ? ಗುರುತು ಪತ್ತೆ ಪರೇಡಿಗೆ ಮೊದಲೇ ಸಾಕ್ಷಿಗೆ ಆರೋಪಿಯನ್ನು ತೋರಿಸಿದ್ದರೇ? ಆರೋಪಿ ತೋರಿಸಿಕೊಟ್ಟನೆಂದು ವಶಪಡಿಸಿಕೊಂಡ ಮುದ್ದೆಮಾಲು ಅದಕ್ಕೆ ಮೊದಲೇ ಪೊಲೀಸರ ಬಳಿ ಇತ್ತೇ? ಇಂಥ ಪ್ರತಿಯೊಂದು ಅಂಶದ ಮೇಲೂ ನ್ಯಾಯಾಲಯ ಸ್ಪಷ್ಟ ಅಭಿಪ್ರಾಯ ದಾಖಲಿಸಲಿ ಎಂದು ಲಿಖಿತ ವಾದದಲ್ಲಿಯೇ ಕೇಳಿಕೊಳ್ಳಬೇಕು. ‘ತನಿಖಾಧಿಕಾರಿ ಈ ದಾಖಲೆಯನ್ನು ಆಮೇಲೆ ಸೃಷ್ಟಿಸಿದ್ದಾರೆ’ ಎಂಬ ಒಂದು ವಾಕ್ಯ ತೀರ್ಪಿನಲ್ಲಿದ್ದರೆ, ಮುಂದೆ ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಸಾಬೀತುಪಡಿಸಬೇಕಾದ ಸಂಗತಿಗೆ ಗಟ್ಟಿಯಾದ ಬುನಾದಿ ಸಿಗುತ್ತದೆ. ಜೀವ ಉಳಿಸಿಕೊಳ್ಳುವ ಆತುರದಲ್ಲಿ ಇದನ್ನು ಮರೆಯುವುದೇ ಹೆಚ್ಚು. ತಪ್ಪೂ ಅಲ್ಲ, ಖುಲಾಸೆ ಮೊದಲು, ಉಳಿದದ್ದು ಆಮೇಲೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಮೇಲ್ಮನವಿಯ ಹಂತದಲ್ಲಿ ಹೊಸ ಸಾಕ್ಷ್ಯ ತರಲು ಬಿಎನ್‌ಎಸ್‌ಎಸ್ 432ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಳೆಯ ಕಾನೂನಿನಲ್ಲಿ ಇದು 391. ಇದನ್ನು ಬಳಸುವವರು ಕಡಿಮೆ. ಆದರೆ ಮೇಲ್ಮನವಿ ಮುಗಿಯಿತೆಂದರೆ ಈ ಬಾಗಿಲೂ ಮುಚ್ಚಿತು. ಕ್ರಿಮಿನಲ್ ತೀರ್ಪಿಗೆ ಒಮ್ಮೆ ಸಹಿ ಬಿದ್ದರೆ ಬರವಣಿಗೆಯ ತಪ್ಪು ತಿದ್ದುವುದನ್ನು ಬಿಟ್ಟು ಹೈಕೋರ್ಟ್ ಅದನ್ನು ಮರುಪರಿಶೀಲಿಸುವಂತಿಲ್ಲ (ಸೆಕ್ಷನ್ 403). ಸುಪ್ರೀಂ ಕೋರ್ಟಿನಲ್ಲಿ ಮರುಪರಿಶೀಲನಾ ಅರ್ಜಿ, ಅದೂ ಬಿದ್ದ ಮೇಲೆ ಹಾಕುವ ಕ್ಯುರೇಟಿವ್ ಅರ್ಜಿ ಇವೆ. ಅಲ್ಲಿಂದಾಚೆಗೆ ಉಳಿಯುವುದು ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನ. ಕ್ಷಮೆ ಸಿಕ್ಕರೆ ಬಿಡುಗಡೆಯಾದೀತು, ಕಳಂಕ ಹೋಗದು. ಬ್ರಿಟನ್ನಿನಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕ್ರಿಮಿನಲ್ ಪ್ರಕರಣಗಳ ಮರುಪರಿಶೀಲನಾ ಆಯೋಗದಂಥ ಸಂಸ್ಥೆ ನಮ್ಮಲ್ಲಿ ಇಲ್ಲ. ಶಿಕ್ಷೆ ಅಂತಿಮವಾದ ಹತ್ತು ವರ್ಷದ ಮೇಲೆ ನಿಜವಾದ ಅಪರಾಧಿ ಸಿಕ್ಕಿಬಿದ್ದರೆ, ಒಳಗಿರುವವನು ಯಾವ ಕಚೇರಿಗೆ ಅರ್ಜಿ ಹಾಕಬೇಕು ಎಂಬುದಕ್ಕೆ ನೇರ ಉತ್ತರವೂ ಇಲ್ಲ.

ಸುಪ್ರೀಂ ಕೋರ್ಟೇ ತನ್ನ ತಪ್ಪನ್ನು ತಿದ್ದಿಕೊಂಡ ಉದಾಹರಣೆ ಇದೆ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಮಂದಿಗೆ 2009ರಲ್ಲಿ ಮರಣದಂಡನೆ ಖಾಯಂ ಆಗಿತ್ತು. ಅವರಲ್ಲಿ ಮೂವರಿಗೆ ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದನ್ನು ಸುಪ್ರೀಂ ಕೋರ್ಟ್ ಮತ್ತೆ ಗಲ್ಲಿಗೆ ಏರಿಸಿತ್ತು. ಮರುಪರಿಶೀಲನೆಯಲ್ಲಿ, 2019ರ ಮಾರ್ಚ್ 5ರಂದು, ಆರೂ ಮಂದಿ ಖುಲಾಸೆಯಾದರು. ಒಬ್ಬ ಘಟನೆಯ ಕಾಲಕ್ಕೆ ಅಪ್ರಾಪ್ತನಾಗಿದ್ದ. ನ್ಯಾಯಾಲಯ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ರಾಜ್ಯಕ್ಕೆ ಆದೇಶಿಸಿತು, ತನಿಖಾಧಿಕಾರಿಗಳ ಮೇಲೆ ಕ್ರಮಕ್ಕೂ ಸೂಚಿಸಿತು. ಹದಿನಾರು ವರ್ಷದ ಸೆರೆವಾಸಕ್ಕೆ ಐದು ಲಕ್ಷವೆಂದರೆ ತಿಂಗಳಿಗೆ ಸುಮಾರು 2,600 ರೂಪಾಯಿ.

ಮೂರು ಬಾಗಿಲು

ಪರಿಹಾರ ಕೇಳಲು ಈಗ ಇರುವುದು ಮೂರು ದಾರಿ: ಹೈಕೋರ್ಟಿನ ಅಥವಾ ಸುಪ್ರೀಂ ಕೋರ್ಟಿನ ರಿಟ್ (ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ನೇರವಾಗಿ ಅಲ್ಲಿಗೇ ಹಾಕುವ ಅರ್ಜಿ), ಸಿವಿಲ್ ದಾವೆ, ಮಾನವ ಹಕ್ಕುಗಳ ಆಯೋಗ. ಕೊನೆಯದನ್ನು ಬೇಗ ಹೇಳಿ ಮುಗಿಸಬಹುದು. ರಾಷ್ಟ್ರೀಯ ಆಯೋಗಕ್ಕೋ ರಾಜ್ಯ ಆಯೋಗಕ್ಕೋ ದೂರು ಕೊಡಲು ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದ್ದರೆ 1993ರ ಕಾಯ್ದೆಯ 36ನೇ ಸೆಕ್ಷನ್ ಅಡ್ಡ ಬರುತ್ತದೆ, ಮತ್ತು ಆಯೋಗ ಮಾಡುವುದು ಶಿಫಾರಸು ಮಾತ್ರ. ಮಧ್ಯಂತರವಾಗಿ ಒಂದಿಷ್ಟು ಹಣ ಬೇಗ ಸಿಗುವ ಸಾಧ್ಯತೆ ಇರುವುದರಿಂದ ಪ್ರಯತ್ನಿಸಬಾರದು ಎಂದೇನಿಲ್ಲ.

ರಿಟ್ ದಾರಿಯನ್ನು ತೆರೆದದ್ದು 1983ರ ರುದುಲ್ ಶಾ ಪ್ರಕರಣ. ಬಿಹಾರದ ಈ ವ್ಯಕ್ತಿ 1968ರ ಜೂನ್‌ನಲ್ಲಿ ಖುಲಾಸೆಯಾಗಿದ್ದರೂ ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷ ಯಾರೂ ಬಿಡಲೇ ಇಲ್ಲ. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಜೀವಿಸುವ ಹಕ್ಕಿನ ಉಲ್ಲಂಘನೆಗೆ ಬಿಡುಗಡೆಯ ಆದೇಶವೊಂದೇ ಸಾಲದು, ಹಣವನ್ನೂ ಕೊಡಬೇಕು ಎಂದು 35 ಸಾವಿರ ರೂಪಾಯಿ ಕೊಡಿಸಿತು. ಸಿವಿಲ್ ದಾವೆ ಹಾಕಲು ಇದು ಅಡ್ಡಿಯಲ್ಲ ಎಂದೂ ಹೇಳಿತು. 1993ರ ನೀಲಾವತಿ ಬೆಹೆರಾ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳುವಾಗ ‘ಸಾರ್ವಭೌಮ ಅಧಿಕಾರ’ದ ಹೆಸರಿನಲ್ಲಿ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ.

ಆದರೆ ರಿಟ್‌ಗೆ ಒಂದು ಮಿತಿ ಇದೆ, ಬಹುಪಾಲು ಅರ್ಜಿಗಳು ಮುಗ್ಗರಿಸುವುದು ಇಲ್ಲಿಯೇ. 2006ರ ಸುಬೇ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಹಕ್ಕಿನ ಉಲ್ಲಂಘನೆ ಎದ್ದು ಕಾಣುವಂತಿರಬೇಕು, ವಿವಾದಕ್ಕೆ ಎಡೆಯಿಲ್ಲದಂತಿರಬೇಕು. ಸಾಕ್ಷಿಗಳನ್ನು ಕರೆಸಿ, ಪಾಟೀಸವಾಲು ಮಾಡಿ ತೀರ್ಮಾನಿಸಬೇಕಾದ ಸಂಗತಿ ಎಂದಾದರೆ ‘ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎಂದು ಕಳಿಸುತ್ತಾರೆ. ಖುಲಾಸೆ ತೀರ್ಪಿನಲ್ಲಿ ಪೊಲೀಸರ ತಪ್ಪಿನ ಬಗ್ಗೆ ಸ್ಪಷ್ಟ ಮಾತಿದ್ದರೆ ವಿವಾದಕ್ಕೆ ಎಡೆ ಕಡಿಮೆ. ಮೇಲೆ ಹೇಳಿದ ಎಚ್ಚರಿಕೆ ಫಲ ಕೊಡುವುದು ಈ ಹಂತದಲ್ಲಿ. ಅಷ್ಟಿದ್ದರೂ ಗ್ಯಾರಂಟಿ ಇಲ್ಲ. ಗುಜರಾತಿನ ಅಕ್ಷರಧಾಮ ದೇವಾಲಯದ ಮೇಲಿನ ದಾಳಿ ಪ್ರಕರಣದಲ್ಲಿ ಆರು ಮಂದಿಯನ್ನು 2014ರ ಮೇ 16ರಂದು ಖುಲಾಸೆಗೊಳಿಸುವಾಗ ಸುಪ್ರೀಂ ಕೋರ್ಟ್ ತನಿಖೆಯನ್ನು ಕಟುವಾಗಿ ಟೀಕಿಸಿತ್ತು. ಅವರು ಪರಿಹಾರ ಕೇಳಿದಾಗ, 2016ರಲ್ಲಿ, ಇದು ಅಪಾಯಕಾರಿ ಪೂರ್ವನಿದರ್ಶನವಾದೀತೆಂದು ಅದೇ ನ್ಯಾಯಾಲಯ ನಿರಾಕರಿಸಿತು.

ಇದಕ್ಕೆ ಎದುರಾಗಿ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರ ಪ್ರಕರಣ ನಿಲ್ಲುತ್ತದೆ. 1994ರಲ್ಲಿ ಗೂಢಚಾರಿಕೆಯ ಆರೋಪದ ಮೇಲೆ ಬಂಧನ, 50 ದಿನದ ಸೆರೆ, 1996ರಲ್ಲಿ ಆರೋಪ ಸುಳ್ಳೆಂದು ಸಿಬಿಐ ವರದಿ. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಕೊಡಿಸಿತು; ಅವರು ಹಾಕಿದ್ದ ಸಿವಿಲ್ ದಾವೆಯನ್ನು ಕೇರಳ ಸರ್ಕಾರ 2020ರಲ್ಲಿ 1.3 ಕೋಟಿ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಅವರಿಗೆ ಶಿಕ್ಷೆಯೇ ಆಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಸಿಬಿಐನಂಥ ಸಂಸ್ಥೆಯೇ ‘ಆರೋಪ ಸುಳ್ಳು’ ಎಂದು ಬರೆದುಕೊಟ್ಟಿತ್ತು, ಹೆಸರಾಂತ ವಿಜ್ಞಾನಿ, ಎರಡು ದಶಕ ಬಿಡದೆ ಹೋರಾಡುವ ಶಕ್ತಿ ಇತ್ತು. ಕೂಲಿ ಮಾಡುವವನ ಪ್ರಕರಣದಲ್ಲಿ ಈ ಮೂರೂ ಒಟ್ಟಿಗೆ ಸೇರುವುದಿಲ್ಲ.

ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮೈಸೂರು ಸೆಷನ್ಸ್ ನ್ಯಾಯಾಲಯದ 2025ರ ಏಪ್ರಿಲ್ ತೀರ್ಪು ನೋಡಬಹುದು. ಹೆಂಡತಿಯನ್ನು ಕೊಂದ ಆರೋಪದಲ್ಲಿ ಜೈಲಿನಲ್ಲಿದ್ದ ಕೊಡಗಿನ ಆದಿವಾಸಿ ವ್ಯಕ್ತಿಯ ಹೆಂಡತಿ ಜೀವಂತವಾಗಿ ಕಣ್ಣೆದುರು ಬಂದ ಪ್ರಕರಣ ಅದು. ಎಲ್ಲಿಯೋ ಸಿಕ್ಕ ಅಸ್ಥಿಪಂಜರವನ್ನು ಆಕೆಯದೆಂದು ಹೇಳಿ ಚಾರ್ಜ್‌ಶೀಟ್ ಹಾಕಲಾಗಿತ್ತು. ಖುಲಾಸೆಯ ಜೊತೆಗೆ ಒಂದು ಲಕ್ಷ ರೂಪಾಯಿ ಪರಿಹಾರದ ಆದೇಶವಾಯಿತು. ಆತ ಐದು ಕೋಟಿ ಕೇಳಿ ಹೈಕೋರ್ಟಿಗೆ ಹೋದದ್ದರಲ್ಲಿ ಅತಿಯಾಸೆ ಕಾಣುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಒಂದು ಲಕ್ಷ ಎಂಬ ಲೆಕ್ಕವಾದರೂ ಎಲ್ಲಿಂದ ಬಂತು? ಎರಡಕ್ಕೂ ಕಾನೂನಿನಲ್ಲಿ ಸೂತ್ರವಿಲ್ಲ.

ಸಿವಿಲ್ ದಾವೆ: ಒಂದು ವರ್ಷದ ಗಡುವು

ಸಿವಿಲ್ ದಾವೆಯಲ್ಲಿ ಮೊತ್ತಕ್ಕೆ ಮಿತಿಯಿಲ್ಲ, ಸಾಕ್ಷ್ಯ ಹಾಕಲು ಅವಕಾಶ ಉಂಟು. ಆದರೆ ಕಾಲಮಿತಿ ಕಾಯ್ದೆಯ 74ನೇ ವಿಧಿಯಂತೆ ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೇಳುವ ದಾವೆಯನ್ನು ಖುಲಾಸೆಯಾದ ದಿನದಿಂದ ಒಂದು ವರ್ಷದೊಳಗೆ ಹೂಡಬೇಕು. ಅಕ್ರಮ ಬಂಧನಕ್ಕೆ 73ನೇ ವಿಧಿ. ಅಲ್ಲಿಯೂ ಸೆರೆ ಮುಗಿದ ದಿನದಿಂದ ಒಂದೇ ವರ್ಷ. ಹತ್ತು ವರ್ಷದ ಮೇಲೆ ಮನೆಗೆ ಬಂದವನಿಗೆ ರೇಷನ್ ಕಾರ್ಡು, ಆಧಾರ್, ಕೆಲಸ, ಮಕ್ಕಳ ಮುಖಪರಿಚಯ ಇವುಗಳಲ್ಲೇ ಮೊದಲ ವರ್ಷ ಕಳೆದುಹೋಗುತ್ತದೆ. ದಾವೆಯ ಹಕ್ಕು ಸತ್ತಿದ್ದು ಗೊತ್ತಾಗುವುದು ಎರಡನೇ ವರ್ಷ ವಕೀಲರ ಬಳಿ ಹೋದಾಗ. ಸರ್ಕಾರ ಖುಲಾಸೆಯ ವಿರುದ್ಧ ಮೇಲ್ಮನವಿ ಹಾಕಿದ್ದರೂ ಕಾಯುತ್ತಾ ಕೂರಬಾರದು. ಮೊದಲ ಖುಲಾಸೆಯ ದಿನದಿಂದಲೇ ಲೆಕ್ಕ ಹಾಕುವುದು ಕ್ಷೇಮ.

ಈ ಒಂದು ವರ್ಷದೊಳಗೆ ಇನ್ನೆರಡು ಕೆಲಸ ಆಗಬೇಕು. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಯನ್ನೂ ಪ್ರತಿವಾದಿಯಾಗಿ ಸೇರಿಸುವುದಾದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಎದುರಾಗುತ್ತದೆ. ಕರ್ತವ್ಯದ ಹೆಸರಿನಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ ಕೆಲಸಕ್ಕೆ ದಾವೆ ಹೂಡಲೂ ಸರ್ಕಾರದ ಪೂರ್ವಾನುಮತಿ ಬೇಕೆನ್ನುತ್ತದೆ ಅದು. ಕ್ರಿಮಿನಲ್ ಮೊಕದ್ದಮೆಗೆ ಮಾತ್ರ ಅನುಮತಿ ಬೇಕು ಎಂದುಕೊಂಡು ಹೋದ ದಾವೆಗಳು ಈ ಕಲ್ಲಿಗೆ ಎಡವುತ್ತವೆ. ನೋಟಿಸಿನ ಅವಧಿ ಮತ್ತು ಅನುಮತಿಗಾಗಿ ಕಾದ ಅವಧಿಯನ್ನು ಕಾಲಮಿತಿ ಕಾಯ್ದೆಯ 15(2)ನೇ ಸೆಕ್ಷನ್ ಕೆಳಗೆ ಕಳೆದು ಲೆಕ್ಕ ಹಾಕಬಹುದು. ಆದರೆ ಅರ್ಜಿ ಕೊಟ್ಟ ದಿನ, ಉತ್ತರ ಬಂದ ದಿನ ಎರಡಕ್ಕೂ ಸ್ವೀಕೃತಿ ಇರಬೇಕು. ನೋಟಿಸನ್ನು ನೋಂದಣಿ ಸೇವೆ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಜೋಪಾನ ಮಾಡಿ.

ನಂತರದ ತೊಡಕು ಹಣದ್ದು. ಕೇಳುವ ಮೊತ್ತ ಹೆಚ್ಚಿದಂತೆ ಕೋರ್ಟ್ ಫೀ ಏರುತ್ತದೆ. ಕಟ್ಟಲು ಶಕ್ತಿಯಿಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದ ಕೆಳಗೆ ನಿರ್ಗತಿಕ ವಾದಿಯಾಗಿ ದಾವೆ ಹೂಡಲು ಅನುಮತಿ ಕೇಳಬಹುದು. ಆಗ ಆಸ್ತಿಪಾಸ್ತಿಯ ಪೂರ್ತಿ ಪಟ್ಟಿ ಕೊಡಬೇಕು; ಹೆಸರಿಗೆ ಮಾತ್ರ ಇರುವ ಪಾಲಿನ ಜಮೀನನ್ನು ಮುಚ್ಚಿಟ್ಟರೆ ಅದೊಂದೇ ಕಾರಣಕ್ಕೆ ಅರ್ಜಿ ವಜಾ ಆಗುತ್ತದೆ. ಉಚಿತ ಕಾನೂನು ನೆರವಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಜೈಲಿನಲ್ಲಿರುವಾಗ ಯಾರಿಗೆ ಬೇಕಾದರೂ ಅದು ಸಿಗುತ್ತದೆ. ಹೊರಬಂದ ಮೇಲೆ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಅಂಗವಿಕಲರು ಮುಂತಾದ ವರ್ಗಗಳಿಗೆ ಆ ಹಕ್ಕು ಉಳಿಯುತ್ತದೆ, ಉಳಿದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಆದ್ದರಿಂದ ಬಿಡುಗಡೆಗೆ ಮೊದಲೇ, ಜೈಲಿಗೆ ಬರುವ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಬಳಿ ಪರಿಹಾರದ ಅರ್ಜಿಗೂ ನೆರವು ಕೋರಿ ಬರೆದುಕೊಡುವುದು ಒಳ್ಳೆಯದು. ಸಹಾಯವಾಣಿ ಸಂಖ್ಯೆ 15100.

ಎಲ್ಲಕ್ಕಿಂತ ದೊಡ್ಡ ಅಡ್ಡಿ ದುರುದ್ದೇಶವನ್ನು ಸಾಬೀತುಪಡಿಸುವುದು. ಮೊಕದ್ದಮೆ ನಡೆಸಿದ್ದು ಪ್ರತಿವಾದಿ, ಅದು ನನ್ನ ಪರವಾಗಿ ಮುಗಿಯಿತು, ಅದಕ್ಕೆ ಯುಕ್ತವಾದ ಕಾರಣ ಇರಲಿಲ್ಲ, ಹಿಂದೆ ದುರುದ್ದೇಶ ಇತ್ತು, ನನಗೆ ಹಾನಿಯಾಯಿತು: ಐದನ್ನೂ ವಾದಿಯೇ ತೋರಿಸಬೇಕು. ವಿಚಾರಣಾ ನ್ಯಾಯಾಲಯದಲ್ಲಿ ಒಮ್ಮೆ ಶಿಕ್ಷೆಯಾಗಿತ್ತು ಎಂಬುದನ್ನೇ ಪ್ರತಿವಾದಿಗಳು ಗುರಾಣಿ ಮಾಡಿಕೊಳ್ಳುತ್ತಾರೆ. ‘ಒಬ್ಬ ನ್ಯಾಯಾಧೀಶರೇ ನಂಬಿದ ಸಾಕ್ಷ್ಯವನ್ನು ಪೊಲೀಸರು ನಂಬಿದ್ದು ದುರುದ್ದೇಶ ಹೇಗಾದೀತು?’ ಇದಕ್ಕೆ ಉತ್ತರ ಒಂದೇ: ನ್ಯಾಯಾಧೀಶರ ಮುಂದೆ ಇಡದೆ ಮುಚ್ಚಿಟ್ಟದ್ದೇನು ಎಂದು ತೋರಿಸುವುದು. ಮುಚ್ಚಿಟ್ಟ ವರದಿ, ಕೇಸ್ ಡೈರಿಯಲ್ಲಿದ್ದು ಚಾರ್ಜ್‌ಶೀಟಿಗೆ ಬಾರದ ಹೇಳಿಕೆ, ತಿದ್ದಿದ ಠಾಣಾ ದಿನಚರಿ ಇಂಥವು. ಹೀಗಾಗಿ ತಪ್ಪಾಗಿ ಶಿಕ್ಷೆಗೊಳಗಾದವನ ಸ್ಥಿತಿ, ಶಿಕ್ಷೆಯಾಗದೆ ಬಿಡುಗಡೆಯಾದವನಿಗಿಂತ ಪರಿಹಾರದ ಮಟ್ಟಿಗೆ ದುರ್ಬಲ. ಹೆಚ್ಚು ಅನ್ಯಾಯವಾದವನಿಗೆ ಕಡಿಮೆ ಪರಿಹಾರ!

ಏನನ್ನು, ಯಾವಾಗ ಕೂಡಿಹಾಕಬೇಕು

ಕೆಳ ನ್ಯಾಯಾಲಯಗಳು ಹಳೆಯ ಕಡತಗಳನ್ನು ನಿಗದಿತ ಅವಧಿಯ ಮೇಲೆ ನಾಶಪಡಿಸುತ್ತವೆ. ಖುಲಾಸೆಯ ಮೊದಲ ತಿಂಗಳಲ್ಲೇ ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಬೇಕು: ಎಫ್‌ಐಆರ್, ಎಲ್ಲ ರಿಮಾಂಡ್ ಅರ್ಜಿಗಳು ಮತ್ತು ಆದೇಶಗಳು, ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲು, ಸಾಕ್ಷ್ಯವಾಗಿ ನಿಶಾನೆ ಮಾಡಿದ ದಾಖಲೆಗಳು, ಆರ್ಡರ್ ಶೀಟ್, ಶಿಕ್ಷೆಯ ಮತ್ತು ಖುಲಾಸೆಯ ಎರಡೂ ತೀರ್ಪು. ಆರ್ಡರ್ ಶೀಟನ್ನು ಜನ ಕಡೆಗಣಿಸುತ್ತಾರೆ. ಆದರೆ ವಿಚಾರಣೆ ಎಷ್ಟು ಸಲ ಮುಂದೂಡಿತು, ಯಾರ ಕಾರಣಕ್ಕೆ, ಸಾಕ್ಷಿಗಳನ್ನು ಪೊಲೀಸರು ಎಷ್ಟು ಸಲ ಕರೆತರಲಿಲ್ಲ ಎಂಬುದೆಲ್ಲ ಇರುವುದು ಅದರಲ್ಲೇ. ಉತ್ತರ ಪ್ರದೇಶದಲ್ಲಿ ಇಪ್ಪತ್ತು ವರ್ಷ ಜೈಲಿನಲ್ಲಿದ್ದು 2021ರಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಖುಲಾಸೆಯಾದ ವ್ಯಕ್ತಿಯ ಮೇಲ್ಮನವಿ, ಕಾಗದಪತ್ರದ ಕೊರತೆಯ ಕಾರಣಕ್ಕೆ ಹದಿನಾರು ವರ್ಷ ವಿಚಾರಣೆಗೇ ಬಂದಿರಲಿಲ್ಲ. ಇಂಥ ವಿಳಂಬದ ಹೊಣೆ ಪೊಲೀಸರದ್ದಲ್ಲ, ವ್ಯವಸ್ಥೆಯದು. ಅದನ್ನು ತೋರಿಸಿಕೊಡುವುದು ಆರ್ಡರ್ ಶೀಟ್ ಮಾತ್ರ.

ಜೈಲು ಅಧೀಕ್ಷಕರಿಂದ ಸೆರೆವಾಸದ ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿ ವಿಚಾರಣಾಧೀನ ಅವಧಿ, ಸಜಾ ಅವಧಿ, ಪೆರೋಲ್ ದಿನಗಳು ಬೇರೆಬೇರೆಯಾಗಿ ನಮೂದಾಗಿರಲಿ. ಜೈಲು ಆಸ್ಪತ್ರೆಯ ದಾಖಲೆ, ಒಳಗೆ ಮಾಡಿದ ಕೆಲಸದ ಕೂಲಿ ಲೆಕ್ಕ, ಬಂಧನಕ್ಕೆ ಮುಂಚಿನ ಆದಾಯಕ್ಕೆ ಏನಾದರೂ ಪುರಾವೆ (ಸಂಬಳದ ಚೀಟಿ, ಪಹಣಿ, ಹಾಲಿನ ಡೈರಿಯ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡು), ವಕೀಲರ ಖರ್ಚಿಗೆ ಜಮೀನು ಮಾರಿದ್ದರೆ ಕ್ರಯಪತ್ರ, ಸಾಲ ಮಾಡಿದ್ದರೆ ಪತ್ರ. ಶಿಕ್ಷೆಯ ಭಾಗವಾಗಿ ಕಟ್ಟಿದ್ದ ದಂಡವನ್ನು ವಾಪಸು ಪಡೆಯುವುದನ್ನೂ ವಶಪಡಿಸಿಕೊಂಡ ವಸ್ತುಗಳನ್ನು ಬಿಡಿಸಿಕೊಳ್ಳುವುದನ್ನೂ ಮರೆಯಬಾರದು. ಅದಕ್ಕೆ ಬೇರೆ ದಾವೆ ಬೇಕಿಲ್ಲ, ಒಂದು ಅರ್ಜಿ ಸಾಕು.

ಮೊತ್ತದ ಲೆಕ್ಕ ಅಂದಾಜಿನಲ್ಲಿ ಹೇಳಿದರೆ ನ್ಯಾಯಾಲಯವೂ ಅಂದಾಜಿನಲ್ಲೇ ಕೊಡುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದವರು ಎಂಟು ವರ್ಷ ಒಳಗಿದ್ದರೆ ಆದಾಯ ನಷ್ಟವೇ 14,40,000. ವರ್ಷವರ್ಷ ಕೂಲಿ ಏರಿದ್ದನ್ನು ಸೇರಿಸಿದರೆ ಇನ್ನೂ ಹೆಚ್ಚು. ಅದಕ್ಕೆ ವಕೀಲರ ಖರ್ಚು, ಕುಟುಂಬದವರು ಜೈಲಿಗೆ ಓಡಾಡಿದ ಖರ್ಚು, ಕಾಯಿಲೆಯ ಖರ್ಚು, ಇನ್ನು ಮುಂದೆ ದುಡಿಯುವ ಶಕ್ತಿ ಕುಂದಿದ್ದು ಇವನ್ನೆಲ್ಲ ಬೇರೆಬೇರೆ ತಲೆಬರಹದಲ್ಲಿ ತೋರಿಸಬೇಕು. ಸ್ವಾತಂತ್ರ್ಯ ಕಳೆದುಕೊಂಡದ್ದು, ಮಾನಹಾನಿ, ಕುಟುಂಬ ಒಡೆದದ್ದು ಹಣದಲ್ಲಿ ಅಳೆಯಲಾಗದ ಹಾನಿ. ಅದಕ್ಕೆ ಪ್ರತ್ಯೇಕ ಮೊತ್ತ ಕೇಳಬೇಕು. ರಸ್ತೆ ಅಪಘಾತದ ಪರಿಹಾರದಲ್ಲಿ ಇಂಥ ಲೆಕ್ಕಕ್ಕೆ ಖಚಿತ ಪದ್ಧತಿ ಇದೆ. ಬಸ್ಸು ಗುದ್ದಿ ಕಾಲು ಕಳೆದುಕೊಂಡವನಿಗೆ ಇರುವ ಸೂತ್ರ, ಸರ್ಕಾರದ ತಪ್ಪಿನಿಂದ ಹತ್ತು ವರ್ಷ ಕಳೆದುಕೊಂಡವನಿಗೆ ಇಲ್ಲವೆಂದು ವಕೀಲರು ನ್ಯಾಯಾಲಯದ ಗಮನಕ್ಕೆ ತಂದು, ಅದೇ ಪದ್ಧತಿಯನ್ನು ಇಲ್ಲೂ ಅನ್ವಯಿಸಲು ಕೇಳಬಹುದು.

ರಿಟ್ ಅರ್ಜಿಯಲ್ಲಿ ಹಣವೊಂದನ್ನೇ ಕೇಳುವುದೂ ಜಾಣತನವಲ್ಲ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಉಲ್ಲಂಘನೆಯಾಗಿದೆ ಎಂಬ ಘೋಷಣೆ, ಮಧ್ಯಂತರ ಪರಿಹಾರ, ತಪ್ಪಿತಸ್ಥ ಅಧಿಕಾರಿಗಳ ವಿಚಾರಣೆ, ಪುನರ್ವಸತಿ ಇವನ್ನು ಪ್ರತ್ಯೇಕ ಕೋರಿಕೆಗಳಾಗಿ ಇಡಬೇಕು. ಸಿವಿಲ್ ದಾವೆಯ ಹಕ್ಕನ್ನು ಕಾಯ್ದಿರಿಸಿಕೊಂಡಿರುವುದಾಗಿಯೂ ಬರೆಯಬೇಕು. ಒಂದು ಮನವಿ ತಳ್ಳಿಹಾಕಿದರೂ ಇನ್ನೊಂದು ಉಳಿಯುತ್ತದೆ.

ಅಧಿಕಾರಿಗಳ ಹೊಣೆ

ಸುಳ್ಳು ಸಾಕ್ಷ್ಯ ಸೃಷ್ಟಿಸಿದವರ ಮೇಲೆ ಕ್ರಿಮಿನಲ್ ಕ್ರಮ ಬೇಕೆಂದರೆ, ಆ ಸಾಕ್ಷ್ಯ ಹಾಜರಾದ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕು. ಹಿಂದೆ ಅದು ಸಿಆರ್‌ಪಿಸಿ 340, ಈಗ ಬಿಎನ್‌ಎಸ್‌ಎಸ್ 379. ನ್ಯಾಯಾಲಯ ಒಪ್ಪಿದರೆ ತಾನೇ ದೂರು ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತದೆ. ಕೃತ್ಯ 2024ರ ಜುಲೈಗೆ ಮೊದಲು ನಡೆದದ್ದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್‌ಗಳೇ ಅನ್ವಯ: ಸುಳ್ಳು ಸಾಕ್ಷ್ಯಕ್ಕೆ 193ರಿಂದ 195, ಸುಳ್ಳು ಆರೋಪಕ್ಕೆ 211, ಯಾರನ್ನಾದರೂ ಉಳಿಸಲು ಅಥವಾ ಯಾರಿಗಾದರೂ ಹಾನಿ ಮಾಡಲು ಸರ್ಕಾರಿ ನೌಕರ ತಪ್ಪು ದಾಖಲೆ ಬರೆದರೆ 218. ಕೊನೆಯದಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ ಆಗಿರುವುದರಿಂದ ಮೂರು ವರ್ಷದೊಳಗೆ ಪ್ರಕರಣ ದಾಖಲಾಗಬೇಕೆಂಬ ನಿಯಮವೂ ಬೆನ್ನಿಗಿದೆ. ಹತ್ತು ವರ್ಷದ ಮೇಲೆ ಖುಲಾಸೆಯಾದವನಿಗೆ ಇದು ಎಷ್ಟು ಉಪಯೋಗ ಎಂದು ಕೇಳಬಹುದು. ಜೀವಾವಧಿಯಂಥ ಶಿಕ್ಷೆ ಆಗಲೆಂದು ಸಾಕ್ಷ್ಯ ಸೃಷ್ಟಿಸಿದ ಅಪರಾಧಕ್ಕೆ ಆ ಗಡುವಿಲ್ಲ. ಅರ್ಜಿ ಬರೆಯುವವರು ಮೊದಲು ನೋಡಬೇಕಾದ್ದು 194, 195ನ್ನು.

ಸರ್ಕಾರಿ ನೌಕರರ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಬೇಕಾದ ಪೂರ್ವಾನುಮತಿಯ ತೊಡಕಿಗೆ ಹೊಸ ಕಾನೂನು ಸ್ವಲ್ಪ ಪರಿಹಾರ ಕೊಟ್ಟಿದೆ. ಬಿಎನ್‌ಎಸ್‌ಎಸ್ 218ರ ಪ್ರಕಾರ ಸರ್ಕಾರ 120 ದಿನದೊಳಗೆ ತೀರ್ಮಾನ ಹೇಳದಿದ್ದರೆ ಅನುಮತಿ ಸಿಕ್ಕಂತೆಯೇ.

ಇದರ ಹೊರತಾಗಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. 2014ರ ಜನವರಿಯಲ್ಲಿ ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ರಾಜ್ಯವೂ ಪೊಲೀಸ್ ಮತ್ತು ಪ್ರಾಸಿಕ್ಯೂಷನ್ ಇಲಾಖೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ರಚಿಸಿ, ಪ್ರತಿ ಖುಲಾಸೆಯ ಕಾರಣವನ್ನೂ ಪರಿಶೀಲಿಸಿ, ತಪ್ಪಿತಸ್ಥ ಅಧಿಕಾರಿಯನ್ನು ಗುರುತಿಸಿ ಇಲಾಖಾ ಕ್ರಮ ಕೈಗೊಳ್ಳಬೇಕು ಎಂದು ಆದೇಶಿಸಿತು. ‘ನನ್ನ ಪ್ರಕರಣ ಆ ಸಮಿತಿಯ ಮುಂದೆ ಬಂದಿದೆಯೇ, ಅದು ಏನು ತೀರ್ಮಾನಿಸಿತು, ಯಾರ ಮೇಲೆ ಯಾವ ಕ್ರಮವಾಯಿತು’ ಎಂದು ಮಾಹಿತಿ ಹಕ್ಕಿನಲ್ಲಿ ಗೃಹ ಇಲಾಖೆಯನ್ನು ಕೇಳಿ. ಸಮಿತಿ ತನಿಖಾಧಿಕಾರಿಯದು ತಪ್ಪೆಂದು ಬರೆದಿದ್ದರೆ ಅದು ಸರ್ಕಾರದ್ದೇ ತಪ್ಪೊಪ್ಪಿಗೆ. ಪರಿಶೀಲಿಸಿಯೇ ಇಲ್ಲ ಎಂದು ಉತ್ತರ ಬಂದರೆ ಅದೂ ರಿಟ್ ಅರ್ಜಿಗೆ ಲಗತ್ತಿಸಬಹುದಾದ ದಾಖಲೆ.

ಕಾನೂನು ಬಂದರೆ ಹೇಗಿರಬೇಕು

ದೆಹಲಿ ಹೈಕೋರ್ಟ್ 2017ರ ನವೆಂಬರ್‌ನಲ್ಲಿ ಮಾಡಿದ ಕೋರಿಕೆಯ ಮೇಲೆ ಕಾನೂನು ಆಯೋಗ ಈ ವಿಷಯ ಕೈಗೆತ್ತಿಕೊಂಡು, 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟಿತು. ಜಿಲ್ಲಾ ಮಟ್ಟದಲ್ಲಿ ವಿಶೇಷ ನ್ಯಾಯಾಲಯ, ಮಧ್ಯಂತರ ಪರಿಹಾರ, ಹಣದ ಜೊತೆಗೆ ಆಪ್ತಸಮಾಲೋಚನೆ ಮತ್ತು ಉದ್ಯೋಗ ತರಬೇತಿ, ಸರ್ಕಾರ ಮೊದಲು ಕೊಟ್ಟು ಆಮೇಲೆ ತಪ್ಪಿತಸ್ಥ ಅಧಿಕಾರಿಯಿಂದ ವಸೂಲಿ: ಒಳ್ಳೆಯ ಸಲಹೆಗಳೇ. ಇಡೀ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯನ್ನು ಹೊಸದಾಗಿ ಬರೆದಾಗಲೂ ಇವುಗಳಲ್ಲಿ ಒಂದೂ ಒಳಗೆ ಬರಲಿಲ್ಲ.

ಆದರೆ ವರದಿಯಲ್ಲೇ ಒಂದು ಬಿರುಕಿದೆ. ಪರಿಹಾರಕ್ಕೆ ಅರ್ಹವಾಗುವುದು ‘ದುರುದ್ದೇಶದಿಂದ ಅಥವಾ ಸದ್ಭಾವನೆಯಿಲ್ಲದೆ’ ನಡೆಸಿದ ಮೊಕದ್ದಮೆ ಮಾತ್ರ ಎಂದು ಅದು ಗೆರೆ ಎಳೆದಿದೆ. ಕತ್ತಲಲ್ಲಿ ನೋಡಿದ ಸಾಕ್ಷಿ ಪ್ರಾಮಾಣಿಕವಾಗಿಯೇ ತಪ್ಪಾಗಿ ಗುರುತಿಸಿದರೆ? ಪ್ರಯೋಗಾಲಯ ಮಾದರಿಗಳನ್ನು ಅದಲುಬದಲು ಮಾಡಿದರೆ? ಉಚಿತವಾಗಿ ನೇಮಿಸಿಕೊಟ್ಟ ವಕೀಲರು ಮುಖ್ಯ ಸಾಕ್ಷಿಗೆ ಪಾಟೀಸವಾಲನ್ನೇ ಮಾಡದಿದ್ದರೆ? ಇಲ್ಲೆಲ್ಲ ದುರುದ್ದೇಶವಿಲ್ಲ, ಒಳಗೆ ಕಳೆದ ವರ್ಷಗಳು ಮಾತ್ರ ಅಷ್ಟೇ. 2025ರ ಜುಲೈನಲ್ಲಿ ತಮಿಳುನಾಡಿನ ಮರಣದಂಡನೆ ಕೈದಿಯೊಬ್ಬರನ್ನು ಖುಲಾಸೆಗೊಳಿಸುವಾಗ ಸುಪ್ರೀಂ ಕೋರ್ಟ್, ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇರಬೇಕು ಎಂದು ನಿಯಮ ಹೇಳಬೇಕಾಯಿತು. ಅಜಾಗರೂಕತೆ ಎಷ್ಟು ಮಾಮೂಲಾಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಪ್ರಶ್ನೆ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಎಂಬುದಲ್ಲ, ಪ್ರಜೆ ಏನು ಕಳೆದುಕೊಂಡ ಎಂಬುದು. ಅಧಿಕಾರಿಯಿಂದ ವಸೂಲಿ ಮಾಡಲು ದುರುದ್ದೇಶ ಬೇಕು ಎನ್ನಲಿ, ಸರ್ಕಾರ ಕೊಡಲು ಅದು ಬೇಡ.

ಈ ಎರಡನ್ನೂ ಬೇರ್ಪಡಿಸಿದ ದೇಶಗಳಿವೆ. ಜರ್ಮನಿಯಲ್ಲಿ ತಪ್ಪು ಸೆರೆವಾಸದ ಪ್ರತಿ ದಿನಕ್ಕೆ 75 ಯೂರೊ, ಆದಾಯ ನಷ್ಟ ಬೇರೆ. ಜಪಾನಿನಲ್ಲಿ ದಿನಕ್ಕೆ ಗರಿಷ್ಠ 12,500 ಯೆನ್. 1966ರಲ್ಲಿ ಬಂಧಿತರಾಗಿ 2024ರಲ್ಲಿ ಮರುವಿಚಾರಣೆಯಲ್ಲಿ ಖುಲಾಸೆಯಾದ ಇವಾವೊ ಹಕಮಾಡಾ ಅವರಿಗೆ 2025ರಲ್ಲಿ ಇದೇ ದರದಲ್ಲಿ ಸುಮಾರು 21.7 ಕೋಟಿ ಯೆನ್ ಸಿಕ್ಕಿತು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ವರ್ಷಕ್ಕೆ 80,000 ಡಾಲರ್. ದಿನದ ದರವೆಂದರೆ ಕಡಿಮೆಯಾದೀತು ಎಂಬ ಆಕ್ಷೇಪ ನಿಜ, ಆದರೆ ಕನಿಷ್ಠ ಮೊತ್ತಕ್ಕಾಗಿ ಯಾರೂ ಹತ್ತು ವರ್ಷ ಕೋರ್ಟು ಅಲೆಯಬೇಕಿಲ್ಲ. ಬ್ರಿಟನ್ ಮಾತ್ರ ಅನುಕರಿಸಬಾರದ ಮಾದರಿ: 2014ರ ತಿದ್ದುಪಡಿಯ ಮೇಲೆ ಅಲ್ಲಿ ಅರ್ಜಿದಾರ ತಾನು ಅಪರಾಧ ಎಸಗಿಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಬೇಕು, ಹಾಗಾಗಿ ಅರ್ಜಿ ಹಾಕಿದ ಹೆಚ್ಚಿನವರು ಬರಿಗೈಲಿ ಮರಳುತ್ತಾರೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದೆ. ಅಕ್ರಮ ಬಂಧನಕ್ಕೆ ಪರಿಹಾರ ಹೇಳುವ 9(5)ನೇ ವಿಧಿಗೆ ಆಗ ತಕರಾರು ದಾಖಲಿಸಿತ್ತು. ಆದರೆ ತಪ್ಪು ಶಿಕ್ಷೆಗೆ ಪರಿಹಾರ ಹೇಳುವ 14(6)ನೇ ವಿಧಿಗೆ ಯಾವ ತಕರಾರೂ ಇಲ್ಲ. ಶಿಕ್ಷೆಯಾಗಿ ಖುಲಾಸೆಯಾದವರ ಪರ ವಕೀಲರು ಈ ಅಂಶವನ್ನು ಅರ್ಜಿಯಲ್ಲಿ ಎತ್ತಿ ಹೇಳುವುದು ತೀರ ಅಪರೂಪ, ಎತ್ತಬೇಕು. ಮರಣದಂಡನೆಯಿಂದ ಪಾರಾದ ಕೆಲವರು ಪರಿಹಾರ ಕೋರಿ ಹಾಕಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಅಟಾರ್ನಿ ಜನರಲ್ ಅವರ ನೆರವು ಕೇಳಿದೆ. ಅಲ್ಲಿ ಮಾರ್ಗಸೂಚಿ ಹೊರಟರೆ ಮೊದಲ ಲಾಭ, ಆ ವೇಳೆಗೆ ಅರ್ಜಿ ಹಾಕಿ ಬಾಕಿ ಇಟ್ಟುಕೊಂಡವರಿಗೆ.

ಕೊನೆಯದಾಗಿ, ಆದೇಶ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ಎಷ್ಟು ವಾರದೊಳಗೆ ಕೊಡಬೇಕು, ತಡವಾದರೆ ಶೇಕಡಾ ಎಷ್ಟು ಬಡ್ಡಿ, ಯಾವ ಅಧಿಕಾರಿ ಹೊಣೆ ಎಂಬುದನ್ನು ಆದೇಶದಲ್ಲೇ ಬರೆಯಿಸಿಕೊಳ್ಳಬೇಕು. ದೃಢೀಕೃತ ಪ್ರತಿಯನ್ನು ಗೃಹ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಅವಧಿ ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಅದಕ್ಕೂ ಇರುವ ಗಡುವು ಒಂದೇ ವರ್ಷ.